ನಿಮಗಿದು ಗೊತ್ತೇ? ವಿಮಾನದಲ್ಲಿ ಬಂದು ಮುತ್ಯಾನ ಮನೆಗೆ ಹೋಗುವವರಿಗೆ ಮಾಸ್ಕಿನ ಮಾತು

ಭಾರತದಲ್ಲಿ ಕೋವಿಡ್‌ಗೆ ಬಲಿಯಾದ ಮೊದಲ ವ್ಯಕ್ತಿ ಕಲಬುರಗಿಯವರು. ಅವರು ವಿಮಾನದಿಂದ ಇಳಿದದ್ದು ಹೈದರಾಬಾದಿನಲ್ಲಿ. 76 ವರ್ಷದ ಆ ಹಿರಿಯರು ಸೌದಿ ಅರೇಬಿಯಾದ ಯಾತ್ರೆ ಮುಗಿಸಿ 2020ರ ಫೆಬ್ರವರಿ 29ರಂದು ಶಂಷಾಬಾದ್ ನಿಲ್ದಾಣಕ್ಕೆ ಬಂದರು. ತಪಾಸಣೆಯಲ್ಲಿ ರೋಗಲಕ್ಷಣ ಏನೂ ಕಾಣಲಿಲ್ಲ. ಊರು ಸೇರಿದ ಒಂದು ವಾರಕ್ಕೆ ಕಾಯಿಲೆ ಬಿದ್ದರು. ಚಿಕಿತ್ಸೆಗೆಂದು ಮತ್ತೆ ಹೈದರಾಬಾದಿಗೆ ಕರೆದೊಯ್ದು ವಾಪಸ್ ಕರೆತರುವಾಗ, ಮಾರ್ಚ್ 10ರಂದು, ತೀರಿಕೊಂಡರು. ಕೋವಿಡ್ ಎಂಬ ವರದಿ ಕೈಗೆ ಬಂದದ್ದು ಮಾರ್ಚ್ 12ಕ್ಕೆ. ಆಮೇಲೆ ಅವರ ಮಗಳಿಗೂ, ಅವರನ್ನು ನೋಡಿದ ವೈದ್ಯರಿಗೂ ಸೋಂಕು ದೃಢಪಟ್ಟಿತು.

ನಿಲ್ದಾಣದ ಜ್ವರ ಅಳೆಯುವ ಯಂತ್ರ ಹಿಡಿಯುವುದು ಜ್ವರವನ್ನು ಮಾತ್ರ. ಕೋವಿಡ್ ಆಗಲಿ ಫ್ಲೂ ಆಗಲಿ, ಮೈ ಬಿಸಿಯಾಗುವ ಮುಂಚೆಯೇ ಇನ್ನೊಬ್ಬರಿಗೆ ಹರಡಲು ಶುರುವಾಗಿರಬಹುದು.

ದೇಶದ ಮೊದಲ ಎಚ್1ಎನ್1 ಫ್ಲೂ ಪ್ರಕರಣ ಪತ್ತೆಯಾದದ್ದು ಎಲ್ಲಿ? ಅದೂ ಹೈದರಾಬಾದಿನಲ್ಲೇ, 2009ರ ಮೇ ತಿಂಗಳಲ್ಲಿ. ಆ ಯುವಕ ಅಮೆರಿಕದಿಂದ ವಿಮಾನದಲ್ಲಿ ಬಂದವನು.

ಸೋಂಕು ಹೈದರಾಬಾದಿನಿಂದ ಕರ್ನಾಟಕಕ್ಕಷ್ಟೇ ಬರಲಿಲ್ಲ, ಇಲ್ಲಿಂದ ಅಲ್ಲಿಗೂ ಹೋಯಿತು. ತೆಲಂಗಾಣದ ಮೊದಲ ಕೋವಿಡ್ ಪ್ರಕರಣ 2020ರ ಮಾರ್ಚ್ 2ರಂದು ಪ್ರಕಟವಾಯಿತು. ದುಬೈಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಹೋಗಿದ್ದ ಸಾಫ್ಟ್‌ವೇರ್ ಉದ್ಯೋಗಿ ಅವರು. ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ ಗುಣಮುಖರಾದರು.

ಈ ಓಡಾಟ ಹಳೆಯದು. ಕಲಬುರಗಿ, ಬೀದರ್, ರಾಯಚೂರುಗಳು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯೇ ಇದೆ. ಆಳ್ವಿಕೆ ಹೋದರೂ ಓಡಾಟ ನಿಲ್ಲಲಿಲ್ಲ. ಕಲಬುರಗಿಗೆ 2019ರ ನವೆಂಬರಿನಲ್ಲಿ ತನ್ನದೇ ವಿಮಾನ ನಿಲ್ದಾಣ ಬಂದರೂ ಗಲ್ಫ್‌ಗೆ, ಲಂಡನ್ನಿಗೆ ಹಾರುವವರು ಇವತ್ತಿಗೂ ಹೆಚ್ಚಾಗಿ 2008ರ ಮಾರ್ಚ್‌ನಲ್ಲಿ ತೆರೆದ ಶಂಷಾಬಾದಿನ ದಾರಿಯನ್ನೇ ಹಿಡಿಯುತ್ತಾರೆ. ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ, ಬಂಜಾರಾ ಹಿಲ್ಸ್‌ನ ಬಸವತಾರಕಂ, ಪಂಜಗುಟ್ಟದ ನಿಮ್ಸ್ ಇರುವುದೂ ಹೈದರಾಬಾದಿನಲ್ಲೇ. ಅಂದರೆ ದುಬೈಯಿಂದ ಬರುವ ಮಗನೂ ಕಿಮೋ ಮಾಡಿಸಿಕೊಳ್ಳಲು ಬರುವ ಅಪ್ಪನೂ ಕೂಡುವ ಊರು ಹೈದರಾಬಾದ್. ಅದಕ್ಕೇ ಈ ಅಂಕಣದಲ್ಲಿ ಮಾಸ್ಕನ್ನು ತೊಡುವವರ ಕಡೆಯಿಂದ ನೋಡುವುದಿಲ್ಲ, ಮನೆಯಲ್ಲಿ ಅವರಿಗಾಗಿ ಕಾಯುತ್ತಿರುವವರ ಕಡೆಯಿಂದ ನೋಡುತ್ತೇನೆ.

ಕಿಮೋ ನಡೆಯುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು, ಡಯಾಲಿಸಿಸ್‌ನವರು, ಬಹುಕಾಲದ ಶ್ವಾಸಕೋಶದ ರೋಗವಿರುವವರು, ಗರ್ಭಿಣಿಯರು, ಎಳೆಗೂಸುಗಳು, ಎಪ್ಪತ್ತು ದಾಟಿದವರು: ಇವರಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ನಮ್ಮಲ್ಲಿ ಅಪರೂಪ. ಕಸಿ ಮಾಡಿಸಿಕೊಂಡವರಿಗೆ ಲಸಿಕೆ ಹಾಕಿಸಿದರೂ ಬೇರೆಯವರಿಗೆ ಸಿಗುವಷ್ಟು ರಕ್ಷಣೆ ಸಿಗುವುದಿಲ್ಲ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಕೊಡುವಂತೆಯೇ ಇಲ್ಲ.

ಸೋಂಕು ಇವರನ್ನು ತಲುಪುವ ದಾರಿ ಯಾವುದು? ರೋಗದ ದಾರಿ ಗುರುತಿಸುವಲ್ಲಿ ಜಗತ್ತು ಹಿಂದೆಯೂ ಎಡವಿದೆ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಶತಮಾನಗಳ ಕಾಲ ನಂಬಿತ್ತು. ಗಾಳಿಯ ಮೇಲಿನ ಆ ಆಪಾದನೆ ಕಳಚಿದ್ದು ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಅವರ ಹೆಸರಿನ ಸಂಸ್ಥೆ ಇದೆ.

ಕೋವಿಡ್ ವಿಷಯದಲ್ಲಿ ಆದದ್ದು ಇದಕ್ಕೆ ತಿರುಗಾಮುರುಗಾ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಇದು ಗಾಳಿಯಿಂದ ಹರಡುವ ರೋಗವಲ್ಲ ಎಂದು ಸಾರಿತು. ಜನ ಕೈ ತೊಳೆದರು, ತರಕಾರಿಯನ್ನೂ ತೊಳೆದರು. ಅದೇ ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಚಂಡೀಗಢದ ಇಮ್‌ಟೆಕ್ ಜೊತೆ ಸೇರಿ ಹೈದರಾಬಾದ್ ಮತ್ತು ಮೊಹಾಲಿಯ ಆಸ್ಪತ್ರೆಗಳ ಗಾಳಿಯನ್ನು ಹಿಡಿದು ಪರೀಕ್ಷಿಸಿದರು. ಕೋವಿಡ್ ವಾರ್ಡಿನ ಗಾಳಿಯಲ್ಲೇ ವೈರಸ್ಸಿನ ಆನುವಂಶಿಕ ವಸ್ತು ಸಿಕ್ಕಿತು. ಕೋಣೆಯಲ್ಲಿ ರೋಗಿಗಳು ಹೆಚ್ಚಿದಷ್ಟೂ ಅದು ಸಿಗುವ ಸಂಭವ ಹೆಚ್ಚುತ್ತಿತ್ತು. ನಾವು ಉಸಿರಾಡುವ ಗಾಳಿಯೇ ದಾರಿ ಎಂದ ಮೇಲೆ, ಗಾಳಿಯನ್ನು ಸೋಸುವ ಮಾಸ್ಕೇ ಬೇಕು.

ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್, ಎನ್95: ಮೂರೂ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು. ಸರ್ಜಿಕಲ್ ಮಾಸ್ಕ್ ಇರುವುದು ವೈದ್ಯರ ಬಾಯಿಯ ಹನಿ ರೋಗಿಯ ಗಾಯಕ್ಕೆ ಬೀಳದಿರಲಿ ಎಂದು. ಅದರ ಎರಡೂ ಬದಿ ತೆರೆದೇ ಇರುತ್ತದೆ. ತೊಟ್ಟವರು ಒಳಗೆಳೆದುಕೊಳ್ಳುವ ಗಾಳಿಯನ್ನು ಸೋಸಲೆಂದೇ ಮಾಡಿದ್ದು ಎನ್95.

ಎನ್95ರಲ್ಲಿನ 95 ಏನು? ಪರೀಕ್ಷೆಯಲ್ಲಿ ಸುಮಾರು 0.3 ಮೈಕ್ರಾನ್ ಗಾತ್ರದ ಉಪ್ಪಿನ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕೆಂಬ ಅಮೆರಿಕದ ನಿಯಮ. ಯುರೋಪಿನ ಎಫ್‌ಎಫ್‌ಪಿ2ಗೆ ಈ ಪ್ರಮಾಣ ಶೇ 94. ಕೊರಿಯಾದ ಕೆಎಫ್94, ಚೀನಾದ ಕೆಎನ್95 ಕೂಡ ಇದೇ ಮಟ್ಟದವು. ಭಾರತದ ಮಾನದಂಡ ಐಎಸ್ 9473. ಅದರಲ್ಲಿ ನೋಡಬೇಕಾದ ದರ್ಜೆ ಎಫ್‌ಎಫ್‌ಪಿ2.

"ಮಾಸ್ಕಿನ ರಂಧ್ರಕ್ಕಿಂತ ವೈರಸ್ ಸಣ್ಣದು, ಹಾಗಾಗಿ ಉಪಯೋಗವಿಲ್ಲ" ಎಂಬ ಮಾತು ತಪ್ಪು. ವೈರಸ್ ಒಂಟಿಯಾಗಿ ಹಾರುವುದಿಲ್ಲ, ಎಂಜಲು-ಸಿಂಬಳದ ಹನಿಯೊಳಗೆ ಕೂತು ಬರುತ್ತದೆ. ಅಲ್ಲದೆ ಎನ್95 ಜರಡಿಯಂತೆ ಕೆಲಸ ಮಾಡುವುದೂ ಇಲ್ಲ. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಹಾಗೆ ಅದರ ಎಳೆಗಳಲ್ಲಿ ತುಂಬಿದ ಸ್ಥಾಯಿ ವಿದ್ಯುತ್ತು ಕಣಗಳನ್ನು ಸೆಳೆದು ಹಿಡಿಯುತ್ತದೆ. ಎಳೆಗಳಿಗೆ ಹೀಗೆ ವಿದ್ಯುತ್ತು ತುಂಬುವ ವಿಧಾನಕ್ಕೆ 1995ರಲ್ಲಿ ಪೇಟೆಂಟ್ ಪಡೆದವರು ತೈವಾನ್ ಮೂಲದ ಪೀಟರ್ ತ್ಸಾಯ್, ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದವರು.

ಆದ್ದರಿಂದಲೇ ಎನ್95 ಮಾಸ್ಕನ್ನು ಸೋಪಿನಲ್ಲಿ ಒಗೆಯಬಾರದು, ಸ್ಯಾನಿಟೈಸರ್ ಚಿಮುಕಿಸಬಾರದು. ಆಲ್ಕೋಹಾಲ್ ತಗುಲಿದರೆ ಆ ಸೆಳೆತ ಸತ್ತುಹೋಗುತ್ತದೆ. ಕಣ್ಣಿಗೆ ಮಾಸ್ಕ್ ಹೊಸದರಂತೆಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲೇ.

ಮಾಸ್ಕಿನ ಇತಿಹಾಸದಲ್ಲಿ ನಾವು ಮರೆಯಬಾರದ ಹೆಸರು ವು ಲಿಯೆನ್-ತೆ. ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯರು. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿದಾಗ, ಇದು ಉಸಿರಿನಿಂದ ಹರಡುತ್ತಿದೆ ಎಂದು ಹೇಳಿ ಹತ್ತಿ ಮತ್ತು ಜಾಳು ಬಟ್ಟೆಯ (ಗಾಜ್) ಮಾಸ್ಕ್ ತೊಡಿಸಿದರು. ಫ್ರಾನ್ಸಿನ ಹಿರಿಯ ವೈದ್ಯ ಮೆಸ್ನಿ ಈ ಮಾತನ್ನು ತಳ್ಳಿಹಾಕಿ, ಮಾಸ್ಕ್ ಇಲ್ಲದೆ ರೋಗಿಗಳ ಬಳಿ ಹೋದರು. ಕೆಲವೇ ದಿನಗಳಲ್ಲಿ ಪ್ಲೇಗಿಗೆ ಬಲಿಯಾದರು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮಾಸ್ಕಿನ ಬೆಲೆಯಲ್ಲ, ಪದರಗಳ ಲೆಕ್ಕವೂ ಅಲ್ಲ, ಅದು ನಿಮ್ಮ ಮುಖಕ್ಕೆ ಕೂರುತ್ತದೆಯೇ ಎಂಬುದೇ ಪ್ರಶ್ನೆ. ಜರ್ಮನಿಯ ಗಾಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿತು: ಸೋಂಕಿತರೂ ಎದುರಿನವರೂ ಮುಖಕ್ಕೆ ಸರಿಯಾಗಿ ಕೂತ ಎಫ್‌ಎಫ್‌ಪಿ2 ತೊಟ್ಟಿದ್ದರೆ, ತೀರಾ ಹತ್ತಿರದಲ್ಲಿ 20 ನಿಮಿಷ ಇದ್ದರೂ ಸೋಂಕಿನ ಸಾಧ್ಯತೆ ಸಾವಿರಕ್ಕೆ ಒಂದರಷ್ಟು. ಅದೇ ಮಾಸ್ಕ್ ಸಡಿಲವಾಗಿದ್ದರೆ ನೂರಕ್ಕೆ ನಾಲ್ಕು. ಇಬ್ಬರೂ ಸರ್ಜಿಕಲ್ ಮಾಸ್ಕ್ ತೊಟ್ಟಿದ್ದರೆ ಹೆಚ್ಚೆಂದರೆ ನೂರಕ್ಕೆ ಹತ್ತು. ಮಾಸ್ಕ್ ಅದೇ, ಬಿಗಿಯಷ್ಟೇ ಬೇರೆ, ಅಪಾಯ ನಲವತ್ತು ಪಟ್ಟು.

ಕೂತಿದೆಯೋ ಇಲ್ಲವೋ ಮನೆಯಲ್ಲೇ ನೋಡಿಕೊಳ್ಳಬಹುದು. ಮಾಸ್ಕ್ ತೊಟ್ಟು ಮೂಗಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ. ಒಂದೇ ಕೈಯಿಂದ ಚಿವುಟಿದರೆ ಮೂಗಿನ ನೆತ್ತಿಯಲ್ಲಿ ಸಂದಿ ಉಳಿಯುತ್ತದೆ. ಆಮೇಲೆ ಮಾಸ್ಕಿನ ಮೇಲೆ ಎರಡೂ ಅಂಗೈ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೋ ಕೆನ್ನೆಗೋ ಗಾಳಿ ತಾಕಿದರೆ ಸೋರುತ್ತಿದೆ ಎಂದರ್ಥ. ಉಸಿರೆಳೆದಾಗ ಮಾಸ್ಕ್ ಮುಖದ ಕಡೆಗೆ ಒಳಸರಿಯಬೇಕು. ಕನ್ನಡಕ ಮಂಜಾಗುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಡ, ಗಾಳಿ ಮೇಲಿನಿಂದ ನುಗ್ಗುತ್ತಿದೆ.

ಕಿವಿಗೆ ಸಿಕ್ಕಿಸುವ ಮಾಸ್ಕಿಗಿಂತ ತಲೆಯ ಹಿಂದೆ ಎರಡು ಪಟ್ಟಿ ಹಾಯುವ ಮಾಸ್ಕ್ ಸಾಮಾನ್ಯವಾಗಿ ಬಿಗಿಯಾಗಿ ಕೂರುತ್ತದೆ. ಶ್ರವಣಯಂತ್ರ ಹಾಕಿಕೊಳ್ಳುವ ಅಜ್ಜಿಗೂ, ಹಿಜಾಬ್ ತೊಡುವ ಚಾಚಿಗೂ ಇದೇ ಸುಲಭ. ಮಾಸ್ಕ್ ತೆಗೆಯುವಾಗ ಯಂತ್ರ ಕಿತ್ತು ಬೀಳುವ ಭಯವಿಲ್ಲ. ಆದರೆ ತಲೆಪಟ್ಟಿಯ ಮಾಸ್ಕ್ ಹೆಚ್ಚು ಹೊತ್ತು ಬಿಗಿದು ನೋವಾಗುತ್ತದೆಂದು ಹೇಳುವವರಿಗೆ ಕಿವಿಗೆ ಸಿಕ್ಕಿಸುವ ಕೆಎಫ್94 ಕೊಡಿ. ಅರ್ಧ ದಾರಿಯಲ್ಲಿ ಕಿತ್ತು ಜೇಬಿಗಿಡುವ ಅತ್ಯುತ್ತಮ ಮಾಸ್ಕಿಗಿಂತ ಕೊನೆಯವರೆಗೂ ಮುಖದ ಮೇಲಿರುವ ಮಾಸ್ಕ್ ವಾಸಿ.

ಗಡ್ಡವಿದ್ದರೆ? ಕೂದಲ ಮೇಲೆ ಮಾಸ್ಕಿನ ಅಂಚು ಕೂರುವುದಿಲ್ಲ. ಮಾಸ್ಕಿನ ಒಳಗೇ ಉಳಿಯುವ ಮೀಸೆಗೆ ತೊಂದರೆಯಿಲ್ಲ. ಧರ್ಮದ ಕಾರಣಕ್ಕೆ ಗಡ್ಡ ತೆಗೆಯಲಾಗದವರಿಗಾಗಿ ಬ್ರಿಟನ್ನಿನ ಸಿಖ್ ದಂತವೈದ್ಯರು 2020ರಲ್ಲಿ ಒಂದು ಉಪಾಯ ಕಂಡುಕೊಂಡರು. ಗದ್ದದ ಕೆಳಗಿನಿಂದ ಹಿಗ್ಗುವ ಪಟ್ಟಿಯೊಂದನ್ನು ತಂದು ಗಡ್ಡವನ್ನು ಪೂರ್ತಿ ಮುಚ್ಚಿ ನೆತ್ತಿಗೆ ಕಟ್ಟುವುದು, ಅದರ ಮೇಲೆ ಮಾಸ್ಕ್. ಇದನ್ನು ಸಿಂಗ್ ಠಾಠಾ ಎನ್ನುತ್ತಾರೆ. ಹೀಗೆ ಕಟ್ಟಿಕೊಂಡವರಲ್ಲಿ ಬಹುತೇಕರು ಮಾಸ್ಕ್ ಸೋರಿಕೆಯ ಪರೀಕ್ಷೆಯಲ್ಲಿ ಪಾಸಾದರು. ನಮ್ಮ ಮೌಲ್ವಿಗಳಿಗೂ ಸ್ವಾಮಿಗಳಿಗೂ ತಿಳಿಸಬೇಕಾದ ವಿಷಯವಿದು.

ವಾಲ್ವ್ ಇರುವ ಮಾಸ್ಕ್ ಬೇಡವೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2020ರ ಜುಲೈನಲ್ಲೇ ರಾಜ್ಯಗಳಿಗೆ ಬರೆದಿದ್ದರು. ಅದು ತೊಟ್ಟವರನ್ನು ಕಾಯುತ್ತದೆ, ಅವರ ಉಸಿರನ್ನು ಮಾತ್ರ ಸೋಸದೆ ಹೊರಗೆ ಬಿಡುತ್ತದೆ. ಕಾಯಿಲೆಯವರ ಹಾಸಿಗೆ ಪಕ್ಕ ಕೂರಲು ವಾಲ್ವ್ ಮಾಸ್ಕ್ ತೊಡಲೇಬೇಡಿ.

ಎರಡು ಎನ್95 ಒಂದರ ಮೇಲೊಂದು ಹಾಕಬಾರದು. ಎನ್95ರ ಒಳಗೆ ಸರ್ಜಿಕಲ್ ಮಾಸ್ಕ್ ಹಾಕಿದರೆ ಬಿಗಿಯೇ ಕೆಡುತ್ತದೆ. ಸರ್ಜಿಕಲ್ ಮಾಸ್ಕ್ ಒಂದೇ ಕೈಲಿದ್ದರೆ ಅದರ ಕಿವಿಪಟ್ಟಿಗಳನ್ನು ಅಂಚಿನ ಹತ್ತಿರ ಗಂಟು ಹಾಕಿ, ಬದಿಯ ಸಡಿಲವನ್ನು ಒಳಕ್ಕೆ ಮಡಚಿ ತೊಡಿ. ಸೋರಿಕೆ ಬಹಳಷ್ಟು ತಗ್ಗುತ್ತದೆ.

ಸರ್ಜಿಕಲ್ ಮಾಸ್ಕ್ ಅಂದರೆ ತಾತ್ಸಾರ ಬೇಡ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರ ನಡುವೆ ನಡೆದ ಪ್ರಯೋಗದಲ್ಲಿ, ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣಸಹಿತ ಕೋವಿಡ್ ಶೇ 11ರಷ್ಟು ಇಳಿಯಿತು. ಅರವತ್ತು ದಾಟಿದವರಲ್ಲಿ ಇಳಿದದ್ದು ಶೇ 35. ಎಲ್ಲರೂ ತೊಟ್ಟರೆ ಹೆಚ್ಚು ಉಳಿಯುವವರು ಹಿರಿಯರೇ.

ಮುಖದ ಮುಂದೆ ಇಳಿಬಿಡುವ ಪ್ಲಾಸ್ಟಿಕ್ ಶೀಲ್ಡ್ ನೆನಪಿದೆಯೇ? 2020ರಲ್ಲಿ ದೇಶದೊಳಗಿನ ವಿಮಾನಗಳಲ್ಲಿ ಕೈಗೆ ಕೊಡುತ್ತಿದ್ದರು. ಜಪಾನಿನ ಫುಗಾಕು ಸೂಪರ್ ಕಂಪ್ಯೂಟರ್ ಅದೇ ವರ್ಷ ಲೆಕ್ಕ ಹಾಕಿದಾಗ, ಸಣ್ಣ ಕಣಗಳು ಸುಮಾರು ಪೂರ್ತಿಯಾಗಿ ಅದರ ಅಂಚಿನಿಂದ ಪಾರಾಗುತ್ತಿದ್ದವು.

ಕೊಳ್ಳುವಾಗ ಪೊಟ್ಟಣದ ಮೇಲೆ ಐಎಸ್ಐ ಗುರುತು, ಐಎಸ್ 9473, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಹುಡುಕಿ. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಕಾಣುತ್ತದೆ. ಅಮೆರಿಕದ ನಿಯೋಶ್ ಸಂಸ್ಥೆಯ ಮನ್ನಣೆ ಪಡೆದದ್ದೆಂದು ಮಾರುವ ಮಾಸ್ಕಿನ ಮೇಲೆ ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಇರಬೇಕು. ಎನ್95 ಎಂದು ಬರೆದು ಕಿವಿಪಟ್ಟಿ ಕೊಟ್ಟಿದ್ದರೆ ಅದು ನಿಯೋಶ್ ಮನ್ನಣೆಯದಲ್ಲ ಎಂದೇ ಹಿಡಿಯಿರಿ.

ವಿಮಾನದೊಳಗೆ ಮಾಸ್ಕ್ ಕಡ್ಡಾಯವೆಂಬ ನಿಯಮ ಭಾರತದಲ್ಲಿ ತೆರವಾದದ್ದು 2022ರ ನವೆಂಬರ್ 16ರಂದು. ತೊಟ್ಟರೆ ಒಳ್ಳೆಯದೆಂಬ ಸಲಹೆಯನ್ನು ಸರ್ಕಾರ ಅಂದೂ ಹೇಳಿತ್ತು. ಈಗ ಸುತ್ತಲಿನವರು ತೊಟ್ಟಿರುವುದಿಲ್ಲ. ಹಾಗಾಗಿ ನಿಮ್ಮ ಮಾಸ್ಕ್ ಒಂಟಿಯಾಗಿಯೇ ದುಡಿಯಬೇಕು, ಬಟ್ಟೆ ಮಾಸ್ಕಿನಿಂದ ಆ ಕೆಲಸ ಆಗುವುದಿಲ್ಲ.

ಹಾರುವಾಗ ವಿಮಾನದ ಗಾಳಿ ಹೆಚ್ಚಿನವರು ಅಂದುಕೊಳ್ಳುವಷ್ಟು ಕೆಟ್ಟದ್ದಲ್ಲ. ಗಂಟೆಗೆ 20ರಿಂದ 30 ಸಲ ಬದಲಾಗುತ್ತದೆ. ಅರ್ಧದಷ್ಟು ಹೊರಗಿನದು, ಉಳಿದದ್ದು ಹೆಪಾ ಫಿಲ್ಟರ್ ಹಾದು ಮರಳುವುದು. ಆ ಫಿಲ್ಟರ್ ಶೇ 99.97ರಷ್ಟು ಕಣಗಳನ್ನು ಹಿಡಿಯುತ್ತದೆ. ಹಾಗೆಂದು ಪಕ್ಕದವರ ಕೆಮ್ಮು ಫಿಲ್ಟರ್ ತಲುಪುವ ಮುಂಚೆ ನಿಮ್ಮನ್ನು ತಲುಪುವುದಿಲ್ಲವೇ? ತಲುಪುತ್ತದೆ. 2020ರ ಮಾರ್ಚ್ ಮೊದಲಲ್ಲಿ ಲಂಡನ್ನಿನಿಂದ ಹನೋಯ್‌ಗೆ ಹಾರಿದ ವಿಮಾನದಲ್ಲಿ ಕೆಮ್ಮುತ್ತಿದ್ದ ಒಬ್ಬರಿಂದ 15 ಜನರಿಗೆ ಸೋಂಕು ತಗುಲಿತು. ಅವರಲ್ಲಿ 12 ಮಂದಿ ಆ ರೋಗಿಯ ಜೊತೆಗೇ ಬಿಸಿನೆಸ್ ದರ್ಜೆಯಲ್ಲಿ ಕೂತವರು.

ನಿಜವಾದ ಅಪಾಯ ವಿಮಾನ ನೆಲದ ಮೇಲಿರುವಾಗ. 1977ರಲ್ಲಿ ಅಲಾಸ್ಕಾದಲ್ಲಿ 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ಮೂರು ಗಂಟೆ ನಿಂತುಬಿಟ್ಟಿತು. ಗಾಳಿಯಾಡಿಸುವ ವ್ಯವಸ್ಥೆ ಬಂದ್ ಆಗಿತ್ತು. ಒಳಗೆ ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ ಶೇ 72ರಷ್ಟು ಮಂದಿ ಮಲಗಿದರು. ಆದ್ದರಿಂದ ಮಾಸ್ಕ್ ಸೀಟಿನಲ್ಲಿ ಕೂತ ಮೇಲೆ ತೊಡುವುದಲ್ಲ, ನಿಲ್ದಾಣದ ಬಾಗಿಲಲ್ಲೇ ತೊಡಬೇಕು. ಸೆಕ್ಯೂರಿಟಿ ಸಾಲು, ಏರೋಬ್ರಿಜ್‌ನಲ್ಲಿ ಒತ್ತೊತ್ತಿ ನಿಲ್ಲುವುದು, ವಿಮಾನಕ್ಕೆ ಒಯ್ಯುವ ಬಸ್ಸು, ಇಳಿದ ಕೂಡಲೇ ಎಲ್ಲರೂ ಎದ್ದು ನಿಲ್ಲುವ ಹೊತ್ತು, ಬ್ಯಾಗಿಗಾಗಿ ಬೆಲ್ಟಿನ ಸುತ್ತ ಕಾಯುವುದು: ಈ ಕಡೆಗಳಲ್ಲಿ ಮಾಸ್ಕ್ ಇಳಿಸಿದವರು ಆಕಾಶದಲ್ಲಿ ತೊಟ್ಟು ಪ್ರಯೋಜನ ಕಡಿಮೆ. ಸಿಐಎಸ್‌ಎಫ್ ಸಿಬ್ಬಂದಿ ಅಥವಾ ಡಿಜಿಯಾತ್ರಾ ಕ್ಯಾಮೆರಾ ಮುಖ ಕೇಳಿದಾಗ ಉಸಿರು ಹಿಡಿದು, ಮಾಸ್ಕ್ ಇಳಿಸಿ, ತೋರಿಸಿ, ಮತ್ತೆ ಏರಿಸಿ ತಂತಿ ಒತ್ತಿಕೊಳ್ಳಿ.

ಕಿಟಕಿ ಪಕ್ಕದ ಸೀಟು ಮಕ್ಕಳಿಗಲ್ಲ, ಕಾಯಿಲೆಯವರಿಗೆ ಕೊಡಿ. ಅಮೆರಿಕದಲ್ಲಿ ಹತ್ತು ವಿಮಾನಗಳಲ್ಲಿ ಕೂತು ಎಣಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನಡುದಾರಿಯ ಸೀಟಿನವರ ಹತ್ತಿರ ಸರಾಸರಿ 64 ಸಲ ಜನ ಸುಳಿದರೆ, ಕಿಟಕಿಯವರ ಹತ್ತಿರ 12 ಸಲ ಮಾತ್ರ.

ಹೈದರಾಬಾದಿನಿಂದ ಬೆಂಗಳೂರಿಗೆ ಸುಮಾರು ಒಂದೂಕಾಲು ಗಂಟೆ. ಅಷ್ಟು ಹೊತ್ತು ತಿನ್ನದೆ ಇರಬಹುದು. ದುಬೈಯಿಂದ ಸುಮಾರು ನಾಲ್ಕು ಗಂಟೆ, ನೀರು ಬೇಕೇ ಬೇಕು, ಕ್ಯಾಬಿನ್ನಿನ ಗಾಳಿ ತೀರಾ ಒಣ. ಪಕ್ಕದವರು ಊಟ ಮುಗಿಸಿ ಮಾಸ್ಕ್ ತೊಟ್ಟ ಮೇಲೆ ಅಥವಾ ಮಾತು ನಿಲ್ಲಿಸಿದ ಮೇಲೆ ನೀವು ತಿನ್ನಿ.

ವಿಮಾನದೊಳಗಿನ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರಬಹುದು. ಶ್ವಾಸಕೋಶ ಸೋತವರಿಗೆ ಅಲ್ಲಿ ಆಮ್ಲಜನಕ ಮೊದಲೇ ಕಡಿಮೆ ಸಿಗುತ್ತದೆ. ಅಂಥವರಿಗೆ ಬಿಗಿ ಎನ್95 ತೊಡಿಸುವ ಮೊದಲು ಎದೆರೋಗದ ವೈದ್ಯರನ್ನು ಕೇಳಿ. ಅವರಿಗೆ ಆಗದಿದ್ದರೆ ಆಚೆ ಈಚೆ ಕೂರುವ ಮಗ, ಸೊಸೆ, ಮೊಮ್ಮಗಳು ಎನ್95 ತೊಡಬೇಕು. ಎರಡು ವರ್ಷದೊಳಗಿನ ಕೂಸಿಗಂತೂ ಮಾಸ್ಕ್ ಹಾಕಲೇಬಾರದು. ಎತ್ತಿಕೊಂಡವರ ಮಾಸ್ಕೇ ಅದರ ರಕ್ಷಣೆ.

ಮೇಲಿನಿಂದ ಆಮ್ಲಜನಕದ ಮಾಸ್ಕ್ ಇಳಿದರೆ ಮೊದಲು ನಿಮ್ಮ ಎನ್95 ಕಿತ್ತುಹಾಕಿ.

ಹೈದರಾಬಾದಿನಲ್ಲಿ ಇಳಿದ ಮೇಲೆ ಕಲಬುರಗಿಗೆ ಸುಮಾರು 220 ಕಿಲೋಮೀಟರ್. ಕಾರಿನಲ್ಲಿ ಕರೆದೊಯ್ಯಲು ಬಂದ ಕಾಕಾನೇ ಸಕ್ಕರೆ ಕಾಯಿಲೆಯವರಾಗಿರಬಹುದು. ಮಾಸ್ಕ್ ಇರಲಿ, ಹಿಂದಿನ ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಎಸಿಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಬಂದ್ ಇರಲಿ.

ಫ್ಲೂ ತಗುಲಿದರೆ ಒಂದರಿಂದ ನಾಲ್ಕು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಈಗಿನ ಕೋವಿಡ್‌ಗೆ ಸುಮಾರು ಮೂರು ದಿನ. ವಾರದ ರಜೆಯಲ್ಲಿ ಬಂದವರು ಮೊದಲ ದಿನವೇ ಮುತ್ಯಾನ ಕೋಣೆಗೆ ಹೋಗಬೇಕೆಂದಿಲ್ಲ. ಮೊದಲು ಗೆಳೆಯರ ಭೇಟಿ, ಹೊಲದ ಓಡಾಟ, ಬ್ಯಾಂಕಿನ ಕೆಲಸ ಮುಗಿಸಿಕೊಂಡು, ಮುತ್ಯಾನ ಜೊತೆಗಿನ ದಿನಗಳನ್ನು ರಜೆಯ ಕೊನೆಗಿಟ್ಟುಕೊಳ್ಳಬಹುದು. ಮೊದಲ ದಿನ ಕಾಲಿಗೆ ಬೀಳಲೇಬೇಕೆಂದರೆ ಅಂಗಳದಲ್ಲಿ, ಮಾಸ್ಕ್ ತೊಟ್ಟು.

ಮನೆಯಲ್ಲೇ ಮಾಡಿಕೊಳ್ಳುವ ಕೋವಿಡ್ ಪರೀಕ್ಷೆಗೆ ಐಸಿಎಂಆರ್ ಮೊದಲ ಸಲ ಒಪ್ಪಿಗೆ ಕೊಟ್ಟದ್ದು 2021ರ ಮೇ ತಿಂಗಳಲ್ಲಿ, ಪುಣೆಯ ಕಿಟ್ ಒಂದಕ್ಕೆ. ಒಂದು ಸಲ ನೆಗೆಟಿವ್ ಬಂದರೆ ನಂಬಿ ಕೂರಬೇಡಿ. 2021ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಹಾಂಗ್‌ಕಾಂಗ್‌ಗೆ ಹೋದ ಒಂದು ವಿಮಾನದವರೆಲ್ಲ ನೆಗೆಟಿವ್ ವರದಿ ಹಿಡಿದೇ ಹತ್ತಿದ್ದರು. ಅಲ್ಲಿ ಇಳಿದ ಮೇಲೆ ಅವರಲ್ಲಿ ಕನಿಷ್ಠ 49 ಮಂದಿಗೆ ಸೋಂಕು ಕಂಡಿತು. 48 ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ಮೂಗು ಸೋರುತ್ತಿದ್ದೂ ಎರಡನೆಯದು ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ. ಅದರ ಫಲಿತಾಂಶ ಬರುವವರೆಗೆ ಅಪ್ಪನಿಗೆ ಮಾತ್ರೆ ಕೊಡುವುದು, ಊಟ ಬಡಿಸುವುದು ಮನೆಯಲ್ಲಿ ಬೇರೆ ಯಾರಾದರೂ ನೋಡಿಕೊಳ್ಳಲಿ.